ಮಳೆಗಾಲದಲ್ಲೂ ತೆರೆಯುವ ಪಾಸ್‌ವರ್ಡ್ ಪೆಟ್ಟಿಗೆ: ಶಾಂತಳ್ಳಿಯ ಮನೆಯಲ್ಲಿ ಕಟ್ಟಿದ ಬ್ಯಾಕಪ್‌ನ ದಾಖಲೆ

ಕಳೆದ ವರ್ಷ ಜುಲೈ ತಿಂಗಳಲ್ಲಿ ಕೊಡಗಿನ ಶಾಂತಳ್ಳಿ ಕಡೆ ಹಿಡಿದ ಮಳೆ ಆರು ದಿನ ಬಿಡಲಿಲ್ಲ. ಎರಡನೆಯ ರಾತ್ರಿ ತೋಟದ ಅಂಚಿನ ಸಿಲ್ವರ್ ಮರವೊಂದು ವಿದ್ಯುತ್ ತಂತಿಯ ಮೇಲೆ ಉರುಳಿತು. ಮೂರನೆಯ ದಿನ ಮೊಬೈಲ್ ಸಿಗ್ನಲ್ ಕೂಡ ನಿಂತುಹೋಯಿತು. ಇಷ್ಟು ನಮ್ಮ ಕಡೆಯವರಿಗೆ ಪ್ರತಿ ವರ್ಷದ ಅನುಭವವೇ. ಆದರೆ ನಾಲ್ಕನೆಯ ದಿನ, ಮನೆಯ ಹಿಂದಿನ ಚರಂಡಿಗೆ ಅಡ್ಡ ಬಿದ್ದ ಮಣ್ಣನ್ನು ತೆಗೆಯುವಾಗ ನನ್ನ ಜೇಬಿನಲ್ಲಿದ್ದ ಫೋನು ನೀರು ಕುಡಿದು ಸತ್ತಿತು. ಮರುದಿನ ಭಾನುವಾರ, ಬಟವಾಡೆಯ ದಿನ.

ಕಳೆ ಕೊಚ್ಚುವ, ಚಿಗುರು ತೆಗೆಯುವ ಕೆಲಸಕ್ಕೆ ಬಂದಿದ್ದ ಹನ್ನೊಂದು ಜನರ ದಿನಗೂಲಿಯ ಮತ್ತು ಮುಂಗಡದ ಲೆಕ್ಕವೆಲ್ಲ ಒಂದು ಹಾರ್ಡ್ ಡಿಸ್ಕ್‌ನಲ್ಲಿತ್ತು. ಆ ಡಿಸ್ಕಿಗೆ 24 ಅಕ್ಷರಗಳ ಪಾಸ್‌ವರ್ಡ್ ಹಾಕಿ ಬೀಗ ಜಡಿದಿದ್ದೆ. ಆ ಪಾಸ್‌ವರ್ಡ್ ಇದ್ದದ್ದು ಕ್ಲೌಡ್‌ನಲ್ಲಿ, ಅಂದರೆ ಕಂಪನಿಯ ಸರ್ವರ್‌ನಲ್ಲಿ, ಮಾತ್ರ ಸಂಗ್ರಹವಾಗುವ ಒಂದು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ; ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಮಾಸ್ಟರ್ ಪಾಸ್‌ವರ್ಡಿನಡಿ ಕೂಡಿಡುವ ತಂತ್ರಾಂಶವದು. ಇನ್ವರ್ಟರ್‌ನ ಕೊನೆಯ ಚಾರ್ಜಿನಲ್ಲಿ ಲ್ಯಾಪ್‌ಟಾಪ್ ತೆರೆದಾಗ ಅದರಲ್ಲಿದ್ದ ಮ್ಯಾನೇಜರ್ ಲಾಕ್ ಆಗಿರಲಿಲ್ಲ, ಪೂರ್ತಿ ಲಾಗ್‌ಔಟ್ ಆಗಿತ್ತು. ನಿಗದಿತ ಸಮಯ ಕಳೆದ ಮೇಲೆ ಲಾಗ್‌ಔಟ್ ಆಗಲಿ ಎಂದು ಹಿಂದೆ ಯಾವಾಗಲೋ ನಾನೇ ಆರಿಸಿದ್ದೆ; ಅದು ಹೆಚ್ಚು ಸುರಕ್ಷಿತ ಎಂದು ಆಗ ತೋರಿತ್ತು. ಲಾಕ್ ಆಗಿದ್ದರೆ ಮಾಸ್ಟರ್ ಪಾಸ್‌ವರ್ಡ್ ಸಾಕು. ಲಾಗ್‌ಔಟ್ ಆಗಿದ್ದರೆ ಯಂತ್ರದಲ್ಲಿ ಉಳಿದಿದ್ದ ಪ್ರತಿ ಅಳಿಸಿಹೋಗಿರುತ್ತದೆ ಮತ್ತು ಮತ್ತೆ ಒಳಹೋಗಲು ಸರ್ವರ್ ಬೇಕಾಗುತ್ತದೆ.

ಲ್ಯಾಪ್‌ಟಾಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೋಮವಾರಪೇಟೆಗೆ ಒಯ್ದೆ. ಅಲ್ಲಿಯೂ ನೆಟ್‌ವರ್ಕ್ ಇರಲಿಲ್ಲ. ಕುಶಾಲನಗರದವರೆಗೆ ಹೋದ ಮೇಲೆ ಸಿಕ್ಕಿತು. ಅಲ್ಲಿಯೇ ಒಂದು ಫೋನು ಕೊಂಡು ಹಳೆಯ ಸಿಮ್ ಹಾಕಿ ಮ್ಯಾನೇಜರ್ ತೆರೆಯಲು ನೋಡಿದರೆ, ಹೊಸ ಸಾಧನವಾದ್ದರಿಂದ ಇಮೇಲಿಗೆ ಕಳುಹಿಸಿದ ಸಂಕೇತ ಸಂಖ್ಯೆಯನ್ನು ಕೊಡಿ ಎಂದಿತು. ಇಮೇಲಿನ ಪಾಸ್‌ವರ್ಡ್ ಮ್ಯಾನೇಜರ್‌ನ ಒಳಗಿತ್ತು. ಪರಿಚಿತ ಸಾಧನವಾಗಿದ್ದ ಲ್ಯಾಪ್‌ಟಾಪ್ ಮಾಸ್ಟರ್ ಪಾಸ್‌ವರ್ಡ್ ಒಂದರಿಂದಲೇ ತೆರೆದುಕೊಂಡದ್ದರಿಂದ ಕೆಲಸ ನಡೆಯಿತು. ಫೋನಿನ ಜೊತೆ ಲ್ಯಾಪ್‌ಟಾಪೂ ನೆನೆದಿದ್ದರೆ, ಒಂದರ ಕೀಲಿ ಇನ್ನೊಂದರ ಒಳಗೆ ಸಿಕ್ಕಿ ಎರಡೂ ಮುಚ್ಚಿಯೇ ಇರುತ್ತಿದ್ದವು. ಸೋಮವಾರದ ಸಂತೆಗೆ ಸಾಮಾನು ತರಬೇಕಾದವರು ಭಾನುವಾರ ಕತ್ತಲಾಗುವವರೆಗೆ ನಮ್ಮ ಅಂಗಳದಲ್ಲಿ ಕೊಡೆ ಹಿಡಿದು ಕಾದರು. ಅದು ನನಗೆ ಬಹಳ ನೋವು ಕೊಟ್ಟಿತು. ಈ ವ್ಯವಸ್ಥೆಯನ್ನು ಕಟ್ಟಲು ಹೊರಟದ್ದು ಅದರ ನಂತರ.

ಮೊದಲು ನನಗೇ ಸ್ಪಷ್ಟ ಮಾಡಿಕೊಳ್ಳಬೇಕಾಗಿದ್ದ ವಿಷಯವೊಂದಿತ್ತು. ಕ್ಲೌಡ್ ಮ್ಯಾನೇಜರ್ ನಮ್ಮ ಫೋನಿನಲ್ಲಿ ಇಟ್ಟಿರುವ ಪ್ರತಿಯನ್ನು ನಾನು ಅಷ್ಟು ದಿನ ಬ್ಯಾಕಪ್ ಎಂದೇ ಎಣಿಸಿದ್ದೆ. ಅದು ಕೈಗಡ. ಸರ್ವರ್ ಯಾವಾಗ ಕೇಳಿದರೂ ವಾಪಸು ಹೋಗುತ್ತದೆ: ಲಾಗ್‌ಔಟ್ ಆದರೆ ಹೋಗುತ್ತದೆ, ಖಾತೆ ಮುಚ್ಚಿದರೆ ಹೋಗುತ್ತದೆ, ಬೇರೆ ಸಾಧನದಲ್ಲಿ ತಪ್ಪಿ ಒಂದು ನಮೂದನ್ನು ಅಳಿಸಿದರೆ ಮುಂದಿನ ಸಿಂಕ್‌ನಲ್ಲಿ ಇಲ್ಲಿಯೂ ಅಳಿಯುತ್ತದೆ. ಯಾರ ಅನುಮತಿಯೂ ಇಲ್ಲದೆ, ಯಾವ ಸರ್ವರನ್ನೂ ಕೇಳದೆ, ನನ್ನ ಬಳಿ ಇರುವ ಕಡತ ಮತ್ತು ನನ್ನ ತಲೆಯಲ್ಲಿರುವ ಪಾಸ್‌ವರ್ಡ್ ಎರಡರಿಂದಲೇ ತೆರೆಯುವುದು ಮಾತ್ರ ಸ್ವಂತ ಪ್ರತಿ. ನೆಟ್‌ವರ್ಕೇ ಇಲ್ಲದಾಗ ಪಾಸ್‌ವರ್ಡ್ ಯಾತಕ್ಕೆ ಬೇಕು ಎಂದು ನಮ್ಮ ದೊಡ್ಡಪ್ಪ ಕೇಳಿದರು. ಜಾಲತಾಣಗಳಿಗೆ ಬೇಡ, ನಿಜ. ಆದರೆ ಡಿಸ್ಕಿನ ಬೀಗ, ರೂಟರ್‌ನ ಪಾಸ್‌ವರ್ಡ್, ಲಾಕ್ ಆದ ಸಿಮ್ ತೆರೆಯುವ ಪಿಯುಕೆ ಸಂಖ್ಯೆ, ಅಮ್ಮನ ಆರೋಗ್ಯ ವಿಮೆಯ ಪಾಲಿಸಿ ಸಂಖ್ಯೆ, ಪಹಣಿಯ ಸ್ಕ್ಯಾನ್ ಪ್ರತಿ ಇವೆಲ್ಲ ಅದೇ ಪೆಟ್ಟಿಗೆಯಲ್ಲಿವೆ, ಮತ್ತು ಇವು ಬೇಕಾಗುವುದು ಹೆಚ್ಚಾಗಿ ಕೆಟ್ಟ ದಿನಗಳಲ್ಲಿಯೇ.

ಕ್ಲೌಡ್‌ನಿಂದ ಪೂರ್ತಿ ಹೊರಬರಬೇಕೆ ಎಂಬುದನ್ನು ಕೆಲವು ದಿನ ಯೋಚಿಸಿದೆ. 2022ರ ಆಗಸ್ಟ್‌ನಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್ ಕಂಪನಿಯ ಒಳಗೆ ನುಗ್ಗಿದವರ ಕೈಗೆ ಮುಂದೆ ಗ್ರಾಹಕರ ವಾಲ್ಟ್‌ಗಳ, ಅಂದರೆ ಪಾಸ್‌ವರ್ಡ್ ಪೆಟ್ಟಿಗೆಗಳ, ಬ್ಯಾಕಪ್ ಪ್ರತಿಗಳೇ ಸೇರಿದವೆಂದು ಅದೇ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ತಿಳಿಸಿತು. ಪಾಸ್‌ವರ್ಡ್‌ಗಳು ಗೂಢಲಿಪಿಯಲ್ಲಿದ್ದರೂ ಜಾಲತಾಣಗಳ ವಿಳಾಸಗಳು ಹಾಗೆ ಇರಲಿಲ್ಲ. ವನ್‌ಪಾಸ್‌ವರ್ಡ್ ಎಂಬ ಇನ್ನೊಂದು ಮ್ಯಾನೇಜರ್‌ನ 7ನೆಯ ಆವೃತ್ತಿಯವರೆಗೆ ವಾಲ್ಟನ್ನು ನಮ್ಮದೇ ಯಂತ್ರದಲ್ಲಿ ಇಟ್ಟುಕೊಳ್ಳಬಹುದಿತ್ತು. 8ನೆಯ ಆವೃತ್ತಿಯಲ್ಲಿ ಆ ಸೌಲಭ್ಯ ಇಲ್ಲವಾಯಿತು. ಇಷ್ಟು ಓದಿದಾಗ ಎಲ್ಲವನ್ನೂ ಮನೆಗೇ ತಂದುಬಿಡಬೇಕೆನಿಸಿತು. ಆದರೆ ಕೊಡಗಿನವರಾದ ನಮಗೆ 2018ರ ಆಗಸ್ಟ್ ಮರೆಯುವಂಥದ್ದಲ್ಲ. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡ ಜಾರಿದಾಗ ಜನ ಉಟ್ಟ ಬಟ್ಟೆಯಲ್ಲಿ ಓಡಿಬಂದರು. ಬೀರು, ದಾಖಲೆ, ಕಂಪ್ಯೂಟರ್ ಎಲ್ಲ ಮನೆಯೊಂದಿಗೆ ಮಣ್ಣಿನಡಿ ಹೋದವು. ಮನೆಯಲ್ಲಿ ಮಾತ್ರ ಇರುವ ಪ್ರತಿಯೂ ಕ್ಲೌಡ್‌ನಲ್ಲಿ ಮಾತ್ರ ಇರುವ ಪ್ರತಿಯಷ್ಟೇ ಒಂಟಿ. ಆದ್ದರಿಂದ ಕಡತ ನಮ್ಮ ಕೈಯಲ್ಲಿರಬೇಕು, ಅದರ ಒಂದು ಪ್ರತಿ ಜಿಲ್ಲೆಯ ಹೊರಗಿರಬೇಕು ಮತ್ತು ಕ್ಲೌಡ್ ಒಂದು ಮೂಲೆಯ ಉಗ್ರಾಣವಾಗಿ ಮಾತ್ರ ಇರಬೇಕು ಎಂದು ತೀರ್ಮಾನಿಸಿದೆ.

ಕಡತವನ್ನು ಹೊರತೆಗೆದದ್ದು

ಆಗಸ್ಟ್‌ನಲ್ಲಿ ಕೆಲಸ ಆರಂಭಿಸಿದೆ. ಕ್ಲೌಡ್ ಸೇವೆಯಿಂದ ಎಲ್ಲ ನಮೂದುಗಳನ್ನು ರಫ್ತು ಮಾಡುವ ಹಂತವೇ ಅತಿ ಅಪಾಯದ್ದು, ಏಕೆಂದರೆ ಆ ಕಡತದಲ್ಲಿ ಪ್ರತಿಯೊಂದು ಪಾಸ್‌ವರ್ಡೂ ಬರಿಗಣ್ಣಿಗೆ ಓದುವಂತೆ ಇರುತ್ತದೆ. ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಡಿಸ್ಕಿನ ಮೇಲೆ ಒಮ್ಮೆ ಬರೆದುದನ್ನು ಅಳಿಸಿದರೂ ಎಲ್ಲಿಯೋ ಉಳಿದಿರಬಹುದು. ಆದ್ದರಿಂದ ಲಿನಕ್ಸ್‌ನಲ್ಲಿ ಸ್ವಾಪ್ (ಸ್ಮೃತಿಯಲ್ಲಿರುವುದನ್ನು ಡಿಸ್ಕಿಗೆ ಬರೆಯುವ ವ್ಯವಸ್ಥೆ) ನಿಲ್ಲಿಸಿ, ರ್‍ಯಾಮ್‌ನಲ್ಲಿ ಮಾತ್ರ ಇರುವ ತಾತ್ಕಾಲಿಕ ಫೋಲ್ಡರ್‌ಗೆ ಅದನ್ನು ಇಳಿಸಿ, ವೈಫೈ ಆಫ್ ಮಾಡಿದ ಬಳಿಕ, ನಮ್ಮದೇ ಯಂತ್ರದಲ್ಲಿ ಕಡತವಿಡುವ ಕೀಪಾಸ್‌ಎಕ್ಸ್‌ಸಿ ಎಂಬ ಮ್ಯಾನೇಜರ್ ಒಳಗೆ ತಂದುಕೊಂಡೆ. ರಫ್ತಿಗೆ ಸಿಎಸ್‌ವಿ ಎಂಬ ಸರಳ ಕೋಷ್ಟಕದ ಬದಲು ಜೇಸನ್ ಮಾದರಿಯನ್ನು ಆರಿಸಿದ್ದರಿಂದ ನಾನೇ ಸೇರಿಸಿದ್ದ ಹೆಚ್ಚುವರಿ ಕಲಂಗಳು ಚದುರದೆ ಬಂದವು.

ಎಣಿಕೆ ಮಾತ್ರ ಪೂರ್ತಿ ಕೂಡಲಿಲ್ಲ. ಕ್ಲೌಡ್‌ನಲ್ಲಿ 214 ನಮೂದುಗಳಿದ್ದರೆ ಇಲ್ಲಿಯೂ 214 ಬಂದಿದ್ದವು, ಆದರೆ ಪಹಣಿ, ವಿಮೆ ಪತ್ರ, ಪಾಸ್‌ಪೋರ್ಟ್ ಮುಂತಾದ ಹದಿನೇಳು ಲಗತ್ತುಗಳಲ್ಲಿ ಒಂದೂ ಇರಲಿಲ್ಲ. ನಾನು ಆರಿಸಿದ ರಫ್ತಿನಲ್ಲಿ ಲಗತ್ತುಗಳು ಸೇರುವುದಿಲ್ಲವೆಂಬುದು ಅಲ್ಲಿ ಎಲ್ಲಿಯೂ ಎದ್ದು ಕಾಣುವಂತೆ ಬರೆದಿರಲಿಲ್ಲ. ನಮೂದುಗಳ ಸಂಖ್ಯೆ ಸರಿಯಾಯಿತೆಂದು ಅಲ್ಲಿಗೇ ಬಿಟ್ಟು ಖಾತೆ ಮುಚ್ಚಿದ್ದರೆ ಅವು ಶಾಶ್ವತವಾಗಿ ಹೋಗುತ್ತಿದ್ದವು. ಒಂದೊಂದನ್ನೇ ಇಳಿಸಿಕೊಂಡು ಸಂಬಂಧಪಟ್ಟ ನಮೂದಿಗೆ ಸೇರಿಸಿದೆ. ಎಲ್ಲ ಸೇರಿ ಕಡತ 9 ಎಂಬಿ ಆಯಿತು.

ಕಡತದ ಮಾದರಿ ಕೆಡಿಬಿಎಕ್ಸ್ 4. 2003ರಲ್ಲಿ ಡೊಮಿನಿಕ್ ರೈಖ್ಲ್ ಅವರಿಂದ ಆರಂಭವಾದ ಕೀಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರ್‌ನ ಪರಂಪರೆಯದು. ಒಂದೇ ಕಡತವನ್ನು ಬೇರೆ ಬೇರೆಯವರು ಬರೆದ ಹಲವು ತಂತ್ರಾಂಶಗಳು ತೆರೆಯಬಲ್ಲವು ಎಂಬುದೇ ನಾನು ಅದನ್ನು ಆರಿಸಲು ಮುಖ್ಯ ಕಾರಣ. ಮಾಸ್ಟರ್ ಪಾಸ್‌ವರ್ಡನ್ನು ಕೀಲಿಯಾಗಿ ಮಾರ್ಪಡಿಸಲು ಇದರಲ್ಲಿ ಆರ್ಗಾನ್2 ಎಂಬ ಲೆಕ್ಕದ ವಿಧಾನವಿದೆ. ಅದು ಪ್ರತಿ ಪ್ರಯತ್ನಕ್ಕೂ ಇಷ್ಟು ಸ್ಮೃತಿ ಬೇಕೇ ಬೇಕು ಎಂದು ಹಟ ಹಿಡಿಯುವುದರಿಂದ, ಕಡತ ಕದ್ದವನು ಸಾವಿರಾರು ಊಹೆಗಳನ್ನು ಒಟ್ಟಿಗೆ ನಡೆಸುವುದು ದುಬಾರಿಯಾಗುತ್ತದೆ. ಅತಿ ಜಾಗ್ರತೆಯಿಂದ ನಾನು ಅದನ್ನು 512 ಎಂಬಿಗೆ ಏರಿಸಿದೆ. ಲ್ಯಾಪ್‌ಟಾಪಿನಲ್ಲಿ ಸಲೀಸಾಗಿ ತೆರೆದ ಕಡತ, 2 ಜಿಬಿ ರ್‍ಯಾಮ್ ಇರುವ ಅಮ್ಮನ ಫೋನಿನಲ್ಲಿ ಕೀಪಾಸ್‌ಡಿಎಕ್ಸ್ ಆ್ಯಪನ್ನೇ ಮುಚ್ಚಿಸಿತು. ಮೂರು ಸಲ ಪ್ರಯತ್ನಿಸಿದ ಮೇಲೆ ಕಾರಣ ತಿಳಿಯಿತು. 64 ಎಂಬಿಗೆ ಇಳಿಸಿ, ಸುತ್ತುಗಳ ಸಂಖ್ಯೆಯನ್ನು ಹೆಚ್ಚಿಸಿ, ಆ ಫೋನಿನಲ್ಲಿ ಮೂರು ಸೆಕೆಂಡಿಗೆ ತೆರೆಯುವ ಹಾಗೆ ಹೊಂದಿಸಿದೆ. ಮನೆಯಲ್ಲಿರುವ ಅತಿ ದುರ್ಬಲ ಸಾಧನದಲ್ಲಿ ತೆರೆಯದ ಕಡತ ಆಪತ್ತಿನ ದಿನ ಕೆಲಸಕ್ಕೆ ಬಾರದು.

ಮಾಸ್ಟರ್ ಪಾಸ್‌ವರ್ಡಿಗೆ, 7,776 ಪದಗಳ ಪಟ್ಟಿಯಿಂದ ಯಂತ್ರವೇ ಆರಿಸಿದ ಆರು ಇಂಗ್ಲಿಷ್ ಪದಗಳನ್ನು ಇಟ್ಟೆ. ಗಾದೆ, ವಚನದ ಸಾಲು, ದೇವರ ಹೆಸರು ಯಾವುದೂ ಬೇಡವೆಂದೆ. ನಾವು ಆರಿಸುವುದನ್ನು ಇನ್ನೊಬ್ಬರೂ ಊಹಿಸಬಲ್ಲರು. ನಿವೃತ್ತ ಶಿಕ್ಷಕಿಯಾದ ಅಮ್ಮ ಆರೂ ಪದಗಳನ್ನು ಪೋಣಿಸಿ ಒಂದು ಪುಟ್ಟ ಕಥೆ ಮಾಡಿಕೊಂಡರು, ಎರಡನೆಯ ದಿನಕ್ಕೇ ಬಾಯಿಪಾಠವಾಯಿತು. ಪಾಸ್‌ವರ್ಡಿನ ಜೊತೆಗೆ ತೆರೆಯಲು ಬೇಕಾಗುವ ಕೀಲಿ ಕಡತವೊಂದನ್ನು ಬೇರೆ ಇಡುವ ಅವಕಾಶವಿದ್ದರೂ ಬಿಟ್ಟೆ. ಅದು ಕಳೆದರೆ ಎಲ್ಲವೂ ಕಳೆದಂತೆ, ಮತ್ತು ನಮ್ಮ ಮನೆಯ ಮಟ್ಟಿಗೆ ಕಳ್ಳನಿಗಿಂತ ಮಳೆಯ ಭಯವೇ ದೊಡ್ಡದು.

ಅಡುಗೆಮನೆಯ ಪೈ

ಮನೆಯೊಳಗಿನ ಕೇಂದ್ರ ಪ್ರತಿಗೆ ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ತೆಗೆದುಕೊಂಡೆ. 512 ಎಂಬಿ ರ್‍ಯಾಮ್‌ನ ಅಂಗೈಯೊಳಗೆ ಹಿಡಿಸುವ ಕಂಪ್ಯೂಟರ್ ಬೋರ್ಡ್ ಇದು, ವಿದ್ಯುತ್ ಬಳಕೆ ಅತ್ಯಲ್ಪ. ಅದಕ್ಕೂ ರೂಟರ್‌ಗೂ ಸೇರಿ ಕರೆಂಟು ಹೋದಾಗ ಬ್ಯಾಟರಿಯಿಂದ ನಡೆಸುವ ಒಂದು ಚಿಕ್ಕ ಡಿಸಿ ಯುಪಿಎಸ್. ಬೋರ್ಡಿನಲ್ಲಿ, ಲ್ಯಾಪ್‌ಟಾಪಿನಲ್ಲಿ, ಎರಡು ಫೋನುಗಳಲ್ಲಿ ಸಿಂಕ್‌ಥಿಂಗ್ ಹಾಕಿದೆ; ಎಲ್ಲ ಸಾಧನಗಳಲ್ಲೂ ಕಡತವನ್ನು ಒಂದೇ ಸಮ ಇಡುವ ತಂತ್ರಾಂಶವದು. ಇದರ ದೊಡ್ಡ ಗುಣವೆಂದರೆ ಸಾಧನಗಳು ಮನೆಯ ವೈಫೈಯಲ್ಲಿಯೇ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಹೊರಗಿನ ಇಂಟರ್ನೆಟ್ ಸತ್ತಿದ್ದರೂ ರೂಟರ್ ಜೀವಂತವಿದ್ದರೆ ಸಾಕು. ಆಂಡ್ರಾಯ್ಡ್‌ನ ಅಧಿಕೃತ ಸಿಂಕ್‌ಥಿಂಗ್ ಆ್ಯಪ್ 2024ರ ಡಿಸೆಂಬರ್‌ಗೆ ನಿಂತುಹೋಗಿರುವುದರಿಂದ ಫೋನುಗಳಿಗೆ ಸಿಂಕ್‌ಥಿಂಗ್-ಫೋರ್ಕ್ ಬಳಸಿದ್ದೇನೆ.

ಸಿಂಕ್ ಎಂದರೆ ಬ್ಯಾಕಪ್ ಅಲ್ಲ. ಒಂದು ಕಡೆ ಕಡತ ಕೆಟ್ಟರೆ ಕೆಟ್ಟದ್ದೇ ಎಲ್ಲ ಕಡೆಗೂ ಹರಡುತ್ತದೆ. ಅದಕ್ಕಾಗಿ ಪೈಯಲ್ಲಿ ಹಳೆಯ ಆವೃತ್ತಿಗಳನ್ನು ಉಳಿಸುವ ವ್ಯವಸ್ಥೆಯನ್ನು ಚಾಲೂ ಮಾಡಿದೆ. ಜೊತೆಗೆ ಪ್ರತಿ ರಾತ್ರಿ ಎರಡು ಗಂಟೆಗೆ ಕಡತದ ನಕಲೊಂದನ್ನು ದಿನಾಂಕದ ಹೆಸರಿನಲ್ಲಿ ಪೆನ್‌ಡ್ರೈವ್‌ಗೆ ಬರೆಯುವ ಹತ್ತು ಸಾಲಿನ ಸ್ಕ್ರಿಪ್ಟ್ ಬರೆದೆ.

ಕರೆಂಟು ದಿಢೀರನೆ ಹೋದಾಗ ಬರೆಯುತ್ತಿದ್ದ ಮೆಮೊರಿ ಕಾರ್ಡ್ ಕೆಡುವುದು ಪೈ ಬಳಸುವವರಿಗೆಲ್ಲ ಗೊತ್ತಿರುವ ಪೀಡೆ. ಯುಪಿಎಸ್ ಕೂಡ ನಾಲ್ಕೈದು ಗಂಟೆಗೆ ಖಾಲಿಯಾಗುತ್ತದೆ. ಹಾಗಾಗಿ ಸೆಪ್ಟೆಂಬರ್ 12ರಂದು ಓವರ್‌ಲೇ ವ್ಯವಸ್ಥೆಯನ್ನು ಚಾಲೂ ಮಾಡಿ ಕಾರ್ಡನ್ನು ಓದಲು ಮಾತ್ರ ಬರುವಂತೆ ಸ್ತಬ್ಧಗೊಳಿಸಿದೆ. ಬರೆಯುವುದೆಲ್ಲ ರ್‍ಯಾಮ್‌ಗೆ ಹೋಗಿ, ಮರುಚಾಲನೆಯಾದಾಗ ಅಳಿಯುತ್ತದೆ. ಮರುದಿನವೇ ಮೊದಲ ತೊಡಕು ಬಂತು. ಮರುಚಾಲನೆಯಾದ ಪೈ, ಹಿಂದಿನ ರಾತ್ರಿ ಸೇರಿಸಿದ್ದ ಅಮ್ಮನ ಫೋನನ್ನು ಮರೆತುಬಿಟ್ಟಿತ್ತು, ಏಕೆಂದರೆ ಸಿಂಕ್‌ಥಿಂಗ್‌ನ ಸ್ವಂತ ಸಂರಚನೆ (ಸೆಟ್ಟಿಂಗ್‌ಗಳ ಕಡತ) ಸ್ತಬ್ಧ ಕಾರ್ಡಿನ ಮೇಲೆಯೇ ಇತ್ತು. ಅದನ್ನು ಪೆನ್‌ಡ್ರೈವ್‌ಗೆ ಸ್ಥಳಾಂತರಿಸಿದ ಮೇಲೆ ಸರಿಹೋಯಿತು.

ಎರಡನೆಯ ತೊಡಕು ಗೊತ್ತಾಗಲು ಈ ವರ್ಷದ ಜೂನ್‌ವರೆಗೆ ಕಾಯಬೇಕಾಯಿತು. ಮಳೆ ಹಿಡಿದ ಮೊದಲ ವಾರ ಮೂರು ದಿನ ಕರೆಂಟು ಬಂದು ಹೋಗಿ ಮಾಡುತ್ತಿತ್ತು, ನೆಟ್ ಇರಲಿಲ್ಲ. ನಾಲ್ಕನೆಯ ದಿನ ಪೆನ್‌ಡ್ರೈವ್ ನೋಡಿದರೆ ಜೂನ್‌ನ ಆ ದಿನಗಳ ನಕಲುಗಳೇ ಇಲ್ಲ. ಬದಲಿಗೆ ಹಿಂದಿನ ವರ್ಷದ ಸೆಪ್ಟೆಂಬರ್ 13ರ ನಕಲಿನ ಒಳಗೆ, ಮೇ ತಿಂಗಳಲ್ಲಿ ನಾನು ಸೇರಿಸಿದ್ದ ಗೊಬ್ಬರದ ಅಂಗಡಿಯ ನಮೂದು ಇತ್ತು. ಸ್ವಲ್ಪ ಹೊತ್ತು ಏನೂ ಅರ್ಥವಾಗಲಿಲ್ಲ. ಝೀರೋ 2 ಡಬ್ಲ್ಯೂನಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಅದು ಸಮಯವನ್ನು ಇಂಟರ್ನೆಟ್‌ನಿಂದ ಪಡೆಯುತ್ತದೆ, ಸಿಗದಿದ್ದರೆ ಕೊನೆಯದಾಗಿ ಕಾರ್ಡಿನಲ್ಲಿ ಬರೆದಿಟ್ಟ ಸಮಯದಿಂದ ಮುಂದುವರಿಯುತ್ತದೆ. ಕಾರ್ಡು ಸ್ತಬ್ಧವಾಗಿದ್ದರಿಂದ ಆ ಕೊನೆಯ ಸಮಯ ಸೆಪ್ಟೆಂಬರ್ 12ರದ್ದಾಗಿತ್ತು. ಕಾರ್ಡನ್ನು ಉಳಿಸಲು ನಾನು ಮಾಡಿದ ಉಪಾಯವೇ, ಪ್ರತಿ ಸಲ ಕರೆಂಟು ಹೋಗಿ ಬಂದಾಗಲೂ ಪೈಯನ್ನು ಅದೇ ದಿನಕ್ಕೆ ಹಿಂದಿರುಗಿಸಿ, ಹಳೆಯ ನಕಲುಗಳ ಮೇಲೆ ಹೊಸದನ್ನು ಬರೆಯಿಸುತ್ತಿತ್ತು.

ಡಿಎಸ್3231 ಗಡಿಯಾರದ ಚಿಕ್ಕ ಬೋರ್ಡೊಂದನ್ನು ತರಿಸಿದೆ. ನಾಲ್ಕೇ ತಂತಿ: 1ನೆಯ ಪಿನ್ನಿಗೆ 3.3 ವೋಲ್ಟ್, 3 ಮತ್ತು 5ಕ್ಕೆ ದತ್ತಾಂಶದ ಎರಡು ತಂತಿಗಳು, 9ಕ್ಕೆ ನೆಲದ (ಗ್ರೌಂಡ್) ತಂತಿ. ಈ ಬಗೆಯ ಕೆಲವು ಬೋರ್ಡುಗಳಲ್ಲಿ ಬ್ಯಾಟರಿಯನ್ನು ಚಾರ್ಜ್ ಮಾಡುವ ಡಯೋಡ್ ಇರುತ್ತದೆ. 5 ವೋಲ್ಟ್ ಕೊಟ್ಟರೆ, ಚಾರ್ಜ್ ಮಾಡಬಾರದ ಸಿಆರ್2032 ಕೋಶಕ್ಕೂ ಅದು ವಿದ್ಯುತ್ ತುಂಬಲು ಹೋಗುತ್ತದೆ. 3.3 ವೋಲ್ಟ್‌ನಲ್ಲಿ ಆ ಅಪಾಯವಿಲ್ಲವಾದರೂ ಮಳೆಗಾಲದಲ್ಲಿ ನೋಡುವವರಿಲ್ಲದೆ ಓಡುವ ಯಂತ್ರವಾದ್ದರಿಂದ ಡಯೋಡನ್ನು ಬೆಸುಗೆ ಬಿಡಿಸಿ ತೆಗೆದೇಬಿಟ್ಟೆ. ಓವರ್‌ಲೇ ತಾತ್ಕಾಲಿಕವಾಗಿ ನಿಲ್ಲಿಸಿ, ಗಡಿಯಾರದ ಸಾಲನ್ನು ಸಂರಚನೆಗೆ ಸೇರಿಸಿ, ಮತ್ತೆ ಸ್ತಬ್ಧಗೊಳಿಸಿದೆ. ಸ್ಕ್ರಿಪ್ಟ್‌ನಲ್ಲಿಯೂ ಒಂದು ಸಾಲು ಹೆಚ್ಚಿತು: ಆ ಹೆಸರಿನ ಕಡತ ಈಗಾಗಲೇ ಇದ್ದರೆ ಅದರ ಮೇಲೆ ಬರೆಯಬಾರದು. ಮೊದಲ ದಿನವೇ ಇರಬೇಕಾಗಿದ್ದ ಸಾಲು ಅದು.

ಒಂದೇ ದಿನ ಅಮ್ಮ ಫೋನಿನಲ್ಲಿ, ನಾನು ಲ್ಯಾಪ್‌ಟಾಪಿನಲ್ಲಿ ಬೇರೆ ಬೇರೆ ನಮೂದು ಸೇರಿಸಿ, ಎರಡೂ ಆಮೇಲೆ ವೈಫೈಗೆ ಬಂದಾಗ ಸಿಂಕ್‌ಥಿಂಗ್ ಒಂದನ್ನು ಸಂಘರ್ಷದ ಕಡತವೆಂದು ಹೆಸರಿಟ್ಟು ಬದಿಗಿಡುತ್ತದೆ, ಯಾವುದನ್ನೂ ಕಳೆಯುವುದಿಲ್ಲ. ಕೀಪಾಸ್‌ಎಕ್ಸ್‌ಸಿಯಲ್ಲಿ ಎರಡನ್ನೂ ವಿಲೀನಗೊಳಿಸಿದರೆ ನಮೂದು ನಮೂದಾಗಿ ಹೋಲಿಸಿ ಸೇರಿಸುತ್ತದೆ. ಹತ್ತು ತಿಂಗಳಲ್ಲಿ ನಾಲ್ಕು ಸಲ ಹೀಗಾಗಿದೆ.

ಥಂಡಿ, ಡಬ್ಬಿ ಮತ್ತು ಪರೀಕ್ಷೆ

ಪೈಯನ್ನು ಎಲ್ಲಿಡಬೇಕೆಂಬುದೂ ಯೋಚಿಸಬೇಕಾದ ವಿಷಯವೇ. ಒಲೆಯ ಮೇಲಿನ ಅಟ್ಟ ಮಳೆಗಾಲದಲ್ಲೂ ಬೆಚ್ಚಗಿರುತ್ತದೆಂದು ಮೊದಲು ಅಲ್ಲಿಟ್ಟಿದ್ದೆ. ಮೂರು ವಾರದಲ್ಲಿ ಪೆಟ್ಟಿಗೆಯ ರಂಧ್ರಗಳಲ್ಲಿ ಇಲ್ಲಣ ಕಟ್ಟಿತು. ಈಗ ಅದೇ ಗೋಡೆಯ ಆಚೆ ಬದಿಯ ಗೂಡಿನಲ್ಲಿದೆ; ಬಿಸಿ ತಾಗುತ್ತದೆ, ಹೊಗೆ ತಾಗುವುದಿಲ್ಲ. ಹೊರಗೆ ತೆಗೆದಿಡುವ ಎರಡು ಪೆನ್‌ಡ್ರೈವ್‌ಗಳಿಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್. ಒಣಗಿಸಿದ ಕಾಫಿಯೂ ಚೀಲದ ಬಾಯಿ ತೆರೆದಿಟ್ಟರೆ ಜುಲೈಯಲ್ಲಿ ತೇವ ಎಳೆದುಕೊಳ್ಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಜೆಲ್ ಬಣ್ಣ ತಿರುಗಿದಾಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಮಂದ ಉರಿಯಲ್ಲಿ ಒಣಗಿಸಿ ಮತ್ತೆ ಹಾಕುತ್ತೇನೆ. ಮಾಸ್ಟರ್ ಪಾಸ್‌ವರ್ಡ್ ಬರೆದ ಹಾಳೆಯನ್ನು ಮೊದಲು ಇಂಕ್ ಪೆನ್ನಿನಲ್ಲಿ ಬರೆದಿದ್ದೆ, ಥಂಡಿಗೆ ಶಾಯಿ ಹರಡಿತು. ಈಗ ಪೆನ್ಸಿಲ್‌ನಲ್ಲಿ ಬರೆದು, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಕಬ್ಬಿಣದ ಪೆಟ್ಟಿಗೆಯಲ್ಲಿ ಬೀಗ ಹಾಕಿದ್ದೇನೆ. ಡಬ್ಬಿ ಒಂದು ಕೋಣೆಯಲ್ಲಿ, ಹಾಳೆ ಇನ್ನೊಂದರಲ್ಲಿ.

ಜೂನ್‌ನ ಕೊನೆಯ ಭಾನುವಾರ ಮೊದಲ ಪರೀಕ್ಷೆ ಮಾಡಿದೆ. ರೂಟರ್ ಆಫ್ ಮಾಡಿ, ಫೋನುಗಳನ್ನು ಬದಿಗಿಟ್ಟು, ದೊಡ್ಡಪ್ಪನ ಮನೆಯಿಂದ ತಂದ ಹಳೆಯ ವಿಂಡೋಸ್ ಲ್ಯಾಪ್‌ಟಾಪಿಗೆ ಪೆನ್‌ಡ್ರೈವ್ ಸಿಕ್ಕಿಸಿದೆ. ಪೆನ್‌ಡ್ರೈವೇ ಓದಲಾಗಲಿಲ್ಲ: ಲಿನಕ್ಸ್‌ನ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ್ದೆ. ಓದಲು ಬಂದಿದ್ದರೂ ಕಡತವನ್ನು ತೆರೆಯುವ ತಂತ್ರಾಂಶ ಆ ಯಂತ್ರದಲ್ಲಿರಲಿಲ್ಲ, ಇಳಿಸಿಕೊಳ್ಳಲು ನೆಟ್ ಇಲ್ಲ. ಹತ್ತು ತಿಂಗಳು ಸುರಕ್ಷಿತವೆಂದು ನಂಬಿದ್ದ ಪ್ರತಿ ನಮ್ಮ ಊರಿನಲ್ಲಿ ಎರವಲು ಸಿಗಬಹುದಾದ ಯಂತ್ರದಲ್ಲಿ ತೆರೆಯಲೇ ಇಲ್ಲ. ಅಂದು ಸಂಜೆಯೇ ಆ ಪೆನ್‌ಡ್ರೈವನ್ನು ಹೆಚ್ಚಿನ ಯಂತ್ರಗಳು ಓದುವ ಎಕ್ಸ್‌ಫ್ಯಾಟ್ ಮಾದರಿಗೆ ಬದಲಿಸಿದೆ. ಕಡತದ ಪಕ್ಕದಲ್ಲಿಯೇ ಇನ್‌ಸ್ಟಾಲ್ ಮಾಡದೆ ಓಡುವ ವಿಂಡೋಸ್‌ನ ಕೀಪಾಸ್‌ಎಕ್ಸ್‌ಸಿ, ಲಿನಕ್ಸ್‌ನ ಆ್ಯಪ್‌ಇಮೇಜ್, ಆಂಡ್ರಾಯ್ಡ್‌ನ ಕೀಪಾಸ್‌ಡಿಎಕ್ಸ್ ಸ್ಥಾಪನಾ ಕಡತ ಮತ್ತು ಕನ್ನಡದಲ್ಲಿ ಒಂದು ಪುಟದ ಸೂಚನೆ ಇಟ್ಟೆ.

ಮುಂದಿನ ಭಾನುವಾರ ಅಮ್ಮನೇ ಪರೀಕ್ಷೆ ಮಾಡಿದರು, ನಾನು ಬಾಯಿ ತೆರೆಯಬಾರದೆಂಬ ಕರಾರಿನ ಮೇಲೆ. ಡಬ್ಬಿ ತಂದರು, ಸೂಚನೆಯನ್ನು ಎರಡು ಸಲ ಓದಿದರು, ನಾಲ್ಕನೆಯ ಪದದಲ್ಲಿ ಒಂದು ಅಕ್ಷರ ತಪ್ಪಿ ಮತ್ತೆ ಟೈಪ್ ಮಾಡಿದರು. ಹನ್ನೊಂದನೆಯ ನಿಮಿಷಕ್ಕೆ ವಿಮೆಯ ಪಾಲಿಸಿ ಸಂಖ್ಯೆಯನ್ನು ನನಗೆ ಓದಿ ಹೇಳಿದರು. "ಸೂಚನೇಲಿ ‘ಡೇಟಾಬೇಸ್ ತೆರೆಯಿರಿ’ ಅಂತ ಬರೆದಿದ್ದೀಯ, ಪರದೆ ಮೇಲೆ ಅದು ಇಂಗ್ಲಿಷಿನಲ್ಲಿದೆ ಕಣೋ, ಅದನ್ನೂ ಬರಿ" ಎಂದರು. ಬರೆದೆ.

ಕುಶಾಲನಗರದಲ್ಲಿ ನನ್ನನ್ನು ತಡೆದ ಇಮೇಲಿನ ಕುಣಿಕೆಯನ್ನು ಬೇರೆಯಾಗಿ ಬಿಡಿಸಿದೆ. ಇಮೇಲ್ ಖಾತೆಯ ಪಾಸ್‌ವರ್ಡೂ, ಒಮ್ಮೆ ಮಾತ್ರ ಬಳಸಬಹುದಾದ ಅದರ ಬ್ಯಾಕಪ್ ಸಂಕೇತಗಳೂ ಕಬ್ಬಿಣದ ಪೆಟ್ಟಿಗೆಯ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿವೆ. ಕೆಲವು ಖಾತೆಗಳು ಪಾಸ್‌ವರ್ಡಿನ ಜೊತೆ ಎರಡನೆಯ ಬೀಗವಾಗಿ ಕೇಳುವ, ಮೂವತ್ತು ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ಸಂಕೇತಗಳನ್ನು ಹುಟ್ಟಿಸುವ ಗುಟ್ಟಿನ ಕೀಲಿಗಳನ್ನು ಪಾಸ್‌ವರ್ಡ್‌ಗಳ ಕಡತದಲ್ಲಿಯೇ ಇಡದೆ, ಬೇರೆ ಪಾಸ್‌ವರ್ಡಿನ ಎರಡನೆಯ ಕಡತದಲ್ಲಿ ಇಟ್ಟಿದ್ದೇನೆ. ಎರಡು ಬೀಗಗಳ ಕೀಲಿಗಳನ್ನು ಒಂದೇ ಗೊಂಚಲಿಗೆ ಹಾಕಲು ಮನಸ್ಸು ಒಪ್ಪಲಿಲ್ಲ. ಹಳೆಯ ಕ್ಲೌಡ್ ಖಾತೆಯನ್ನು ಈ ಪರೀಕ್ಷೆ ಮುಗಿಯುವವರೆಗೆ ಮುಚ್ಚಿರಲಿಲ್ಲ. ಜುಲೈ ಮೊದಲ ವಾರ ಮುಚ್ಚಿದೆ. ಸಾಮಾನ್ಯ ಕ್ಲೌಡ್ ಡ್ರೈವ್ ಒಂದಕ್ಕೆ ಮಾತ್ರ, ನೆಟ್ ಇದ್ದಾಗ, ಗೂಢಲಿಪಿಯ ಅದೇ ಕಡತ ವಾರಕ್ಕೊಮ್ಮೆ ಹೋಗುತ್ತದೆ.

ಎರಡನೆಯ ಪೆನ್‌ಡ್ರೈವ್ ಮೈಸೂರಿನಲ್ಲಿರುವ ಅಕ್ಕನ ಮನೆಯಲ್ಲಿರುತ್ತದೆ. ಗೌರಿ ಹಬ್ಬಕ್ಕೆ ಮತ್ತು ಬೇಸಿಗೆ ರಜೆಗೆ ಅಕ್ಕ ತವರಿಗೆ ಬರುವಾಗ ಅದನ್ನು ತರುತ್ತಾಳೆ, ಇಲ್ಲಿಯ ಹೊಸದನ್ನು ಒಯ್ಯುತ್ತಾಳೆ. ಈ ಸಲ ಗೌರಿ ಹಬ್ಬದ ಹಿಂದಿನ ಸಂಜೆ ಅವಳು ತಂದ ಪೆನ್‌ಡ್ರೈವಿನಲ್ಲಿದ್ದ ಕಡತದ ಎಸ್‌ಎಚ್‌ಎ-256 ಮೊತ್ತವನ್ನು (ಕಡತ ಒಂದಿಷ್ಟು ಬದಲಾದರೂ ಬದಲಾಗುವ ಬೆರಳಚ್ಚಿನಂಥ ಗುರುತು), ಬೇಸಿಗೆಯಲ್ಲಿ ಕೊಟ್ಟು ಕಳುಹಿಸುವಾಗ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದ 64 ಅಕ್ಷರಗಳೊಂದಿಗೆ ಅಮ್ಮ ಓದುತ್ತಾ ನಾನು ಗುರುತು ಹಾಕುತ್ತಾ ಹೋಲಿಸಿದೆವು. ಎಲ್ಲವೂ ಕೂಡಿದವು. ಎಕ್ಸ್‌ಫ್ಯಾಟ್‌ಗೆ ಬದಲಿಸಿ, ಹೊಸ ಕಡತ ಬರೆದು, ಹೊಸ ಮೊತ್ತವನ್ನು ಅದರ ಕೆಳಗಿನ ಸಾಲಿನಲ್ಲಿ ದಾಖಲಿಸಿ, ಹಬ್ಬ ಮುಗಿಸಿ ಹೊರಟ ಅಕ್ಕನ ಕೈಗೆ ಕೊಟ್ಟಿದ್ದೇನೆ.